ದಿನ ತುಂಬದ ಕೂಸು, ತಾಯಿಯ ಸೌಮನಸ್ಯ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದೊಡನೆ ಇತಿಹಾಸವನ್ನು ಓದಿದವರಿಗೆ ನೆನಪಾಗುವ ಸಂಗತಿಗಳು ಬೇರೆ. ಹಾವೇರಿಯ ಸಿದ್ಧೇಶ್ವರ ದೇವಾಲಯ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ, ಅದರೊಡನೆ ಕನಕದಾಸರು. ಅದೇ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಿಂತಿರುವ ಮುಕ್ತೇಶ್ವರನ ಗುಡಿ. ಈ ಸೀಮೆಯ ಶಿಲಾಶಾಸನಗಳು ದತ್ತಿ ಬಿಟ್ಟವನ ಹೆಸರನ್ನು ಹೇಳುತ್ತವೆ, ಕಾದಿ ಮಡಿದವನ ಹೆಸರನ್ನು ಹೇಳುತ್ತವೆ. ಬಾಣಂತಿಯ ಕೋಣೆಯ ಬಾಗಿಲಿಗೆ ಶಾಸನ ಬರೆಯಿಸಿದವರು ಯಾರೂ ಇಲ್ಲ. ಆದರೂ ಆ ಕೋಣೆಗೆ ಒಂದು ಇತಿಹಾಸವುಂಟು. ಗೆದ್ದವರು ಸೋತವರು ಅದರಲ್ಲಿಯೂ ಇದ್ದಾರೆ. ಸೋತವರ ಪ್ರಮಾಣವು ರಣರಂಗಗಳಿಗಿಂತ ಹೆಚ್ಚೆಂದರೂ ಅತಿಶಯೋಕ್ತಿಯಾಗಲಾರದು.

ಆ ಇತಿಹಾಸದ ಒಂದು ಅಧ್ಯಾಯವನ್ನು ಮಾತ್ರ ನಾವು ಈ ಹೊತ್ತು ಕೇಳುಗರ ಮುಂದಿಡುತ್ತೇವೆ. ದಿನ ತುಂಬುವ ಮುನ್ನ ಹುಟ್ಟಿದ ಕೂಸು, ಅದಕ್ಕೆ ಎದೆಹಾಲು, ಆ ಹಾಲನ್ನು ಕೊಡಬೇಕಾದ ತಾಯಿಯ ಮನಸ್ಸು, ಈ ಮೂರು ನಮ್ಮ ವಿಷಯ. ಇಂಥ ಕೂಸು ಹುಟ್ಟಿದ ಮನೆಯಲ್ಲಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಒಂದು ಮಾತು ಏಳುತ್ತದೆ: 'ಆಕಿಗೆ ಹಾಲಿಲ್ಲ.' ಆಡಿದವರಿಗೆ ಅದು ಬರಿಯ ವರ್ತಮಾನ. ಒಳಗೆ ಹೊರಸಿನ ಮೇಲೆ ಮಲಗಿ ಕೇಳಿದವಳಿಗೆ ಅದು ತೀರ್ಪು. ಈ ಮಾತು ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು ಎಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ. ನಾವು ವೈದ್ಯರಲ್ಲ, ಇತಿಹಾಸದ ಪಾಠ ಹೇಳುವವರು. ಆದುದರಿಂದ ಔಷಧವನ್ನು ಹೇಳುವುದಕ್ಕಿಂತ ಮಾತುಗಳ ಹಿಂದಿನ ಕಥೆಯನ್ನು ಹೇಳುವುದು ನಮಗೆ ಒಪ್ಪುವ ಕೆಲಸ.

ಮೊದಲು ಸ್ಥಳದ ಪರಿಚಯ. ಈ ಮೂರು ಊರುಗಳೂ ಪುಣೆ ಬೆಂಗಳೂರುಗಳ ನಡುವಣ ಹೆದ್ದಾರಿಯ ಮಗ್ಗುಲಲ್ಲಿವೆ. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಾಸಿದ ರೈಲುದಾರಿಯೂ ಮೂರನ್ನೂ ಮುಟ್ಟಿಕೊಂಡೇ ಹೋಗುತ್ತದೆ. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗುವವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದುವು. ಸ್ವಾತಂತ್ರ್ಯಕ್ಕೆ ಮುಂಚೆ ಈ ದಂಡೆಯ ರಾಣೆಬೆನ್ನೂರು ಮುಂಬಯಿ ಪ್ರಾಂತ, ತುಂಗಭದ್ರೆಯಾಚೆಯ ಹರಿಹರ ಮೈಸೂರು ಸಂಸ್ಥಾನ. ಕಾಯಿದೆ ಬೇರೆ, ದೊರೆತನ ಬೇರೆ. ಆದರೆ ಹೊಳೆಯ ಎರಡು ದಂಡೆಗಳಲ್ಲಿಯೂ ಬಾಣಂತನ ಹೆಚ್ಚುಕಡಮೆ ಒಂದೇ ಆಗಿದ್ದಿತು. ಮಗಳು ಚೊಚ್ಚಲಿಗೆ ತವರಿಗೆ ಬರುವಳು. ಕುಪ್ಪಸದ ಶಾಸ್ತ್ರ ಮುಗಿಸಿ ಅಣ್ಣನೋ ತಂದೆಯೋ ಕರೆತರುವರು. ಕೂಸು ದಿನ ತುಂಬಿ ಬರುವುದಾದರೆ ಎಲ್ಲವೂ ಹೀಗೆ ಕ್ರಮಪ್ರಕಾರ ನಡೆಯುವುದು. ದಿನ ತುಂಬದ ಕೂಸು ಶಾಸ್ತ್ರಕ್ಕೆ ಕಾಯುವುದಿಲ್ಲ. ಅದು ಕೆಲವೊಮ್ಮೆ ಗಂಡನ ಮನೆಯಲ್ಲಿ, ಕೆಲವೊಮ್ಮೆ ಹೊಲದಲ್ಲಿ, ಕೆಲವೊಮ್ಮೆ ದಾರಿಯಲ್ಲಿ ಹುಟ್ಟುತ್ತದೆ. ತವರಿನ ಆಸರೆ ಸಿಕ್ಕುವ ಮುನ್ನವೇ ತಾಯಿಯಾದವಳ ಸ್ಥಿತಿ ಮೊದಲ ದಿನದಿಂದಲೇ ಕಠಿನವಾಗುವುದಕ್ಕೆ ಇದೊಂದು ಕಾರಣ.

ದಿನ ತುಂಬದ ಕೂಸಿನ ವಿಷಯದಲ್ಲಿ ನಮ್ಮ ಜನರಲ್ಲಿ ಬಹು ಹಳೆಯದೊಂದು ನಂಬಿಕೆಯಿದೆ: ಏಳು ತಿಂಗಳಿನದು ಬದುಕುತ್ತದೆ, ಎಂಟು ತಿಂಗಳಿನದು ಬದುಕುವುದಿಲ್ಲ. ಇದು ನಮ್ಮೂರ ಅಜ್ಜಿಯರು ಕಟ್ಟಿದ ಮಾತೆಂದು ತಿಳಿಯಬೇಡಿ. ಚರಕ ಸುಶ್ರುತರಿಬ್ಬರಲ್ಲಿಯೂ ಎಂಟನೆಯ ತಿಂಗಳ ಭಯವಿದೆ. ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವಿನ ಮೇಲೆಯೇ ಪ್ರತ್ಯೇಕವಾದೊಂದು ಪುಸ್ತಕವುಂಟು. ಎರಡು ದೇಶಗಳ ಪಂಡಿತರು ಒಂದೇ ತಪ್ಪನ್ನು ಇಷ್ಟು ಗಂಭೀರವಾಗಿ ಮಾಡಿರುವುದು ವಿಚಿತ್ರವಾದರೂ ನಿಜ. ಗರ್ಭದಲ್ಲಿ ಹೆಚ್ಚು ದಿನ ಉಳಿದಷ್ಟೂ ಶಿಶುವಿಗೆ ಕ್ಷೇಮ. ಎಂಟು ತಿಂಗಳಿನದು ಏಳು ತಿಂಗಳಿನದಕ್ಕಿಂತ ಸುಲಭವಾಗಿ ಬದುಕುತ್ತದೆ. ಈ ನಂಬಿಕೆಯಿಂದಾದ ಹಾನಿಯನ್ನು ಎಣಿಸಿದವರಿಲ್ಲ. 'ಇದು ಎಂಟರದು' ಎಂದು ಮನೆಯವರು ಕೈಚೆಲ್ಲಿದಾಗ, ಬದುಕಬಹುದಾಗಿದ್ದ ಕೂಸಿಗೆ ಹಾಲು ಹಿಂಡಿ ಹಾಕುವವರು ಯಾರು?

ಆದರೆ ಚರಕಸಂಹಿತೆಯ ಆ ಭಾಗದಲ್ಲಿಯೇ ಒಂದು ಸೂಕ್ಷ್ಮವಾದ ಮಾತಿದೆ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಯಿಂದ ಶಿಶುವಿಗೂ ಶಿಶುವಿನಿಂದ ತಾಯಿಗೂ ಹರಿದಾಡುತ್ತದೆ, ಆದುದರಿಂದ ಗರ್ಭಿಣಿಯು ಒಂದು ಗಳಿಗೆ ಹರ್ಷದಿಂದಲೂ ಮತ್ತೊಂದು ಗಳಿಗೆ ಬಾಡಿದವಳಾಗಿಯೂ ಇರುತ್ತಾಳೆ, ಶಿಶುವೂ ಹಾಗೆಯೇ ಎಂಬುದು ಅದರ ಅಭಿಪ್ರಾಯ. ಓಜಸ್ಸಿನ ಸಿದ್ಧಾಂತವನ್ನು ನಾವು ಇಂದು ಅಕ್ಷರಶಃ ಒಪ್ಪಬೇಕಾಗಿಲ್ಲ. ಹೆರುವ ಮುನ್ನವೂ ಹೆತ್ತ ಮೇಲೆಯೂ ಹೆಣ್ಣಿನ ಮನಸ್ಸು ಏರಿಳಿಯುತ್ತದೆ, ಅದು ಆಕೆಯ ಹಠವಲ್ಲ, ದೇಹಧರ್ಮ, ಎಂದು ಎರಡು ಸಾವಿರ ವರ್ಷಗಳ ಹತ್ತಿರ ಹಿಂದೆ ಒಬ್ಬ ವೈದ್ಯನಿಗೆ ಕಂಡಿತ್ತಲ್ಲ, ಅದು ಗಮನಿಸತಕ್ಕ ಸಂಗತಿ.

ಇನ್ನು ಬಾಣಂತಿಯ ಕೋಣೆ. 1884ರಲ್ಲಿ ಅಚ್ಚಾದ ಧಾರವಾಡ ಜಿಲ್ಲೆಯ ಗೆಝೆಟಿಯರು ಜನನಕಾಲದ ಆಚಾರಗಳನ್ನು ಜಾತಿಜಾತಿಯಾಗಿ ಬರೆದಿಟ್ಟಿದೆ. ಅದನ್ನು ಬರೆದವರ ಕಣ್ಣು ಆಳುವವರ ಕಣ್ಣು. ಆಚಾರ ಅವರಿಗೆ ಕಂಡಿತು, ಆಚಾರದೊಳಗಿದ್ದ ಹೆಣ್ಣು ಕಾಣಲಿಲ್ಲ. ಕಂಡದ್ದಷ್ಟನ್ನು ನಮ್ಮ ಮನೆಗಳ ನೆನಪಿನೊಡನೆ ಸೇರಿಸಿದರೆ ಕೋಣೆಯ ಚಿತ್ರ ಮೂಡುತ್ತದೆ. ಬೆಳಕು ಕಡಮೆ, ಗಾಳಿ ಇನ್ನೂ ಕಡಮೆ. ಹೊರಸಿನ ಕೆಳಗೆ ಕುಳ್ಳಿನ ಕೆಂಡ. ಓಮ, ಬೆಳ್ಳುಳ್ಳಿ ಸಿಪ್ಪೆ, ಲೋಬಾನಗಳ ಹೊಗೆ. ಬಾಣಂತಿಗೆ ಅಂಟಿನ ಉಂಡಿ, ಅಳವಿಯ ಪಾಯಸ, ಒಣಕೊಬ್ಬರಿ, ಉತ್ತತ್ತಿ. ಕೂಸಿಗೆ ಎಣ್ಣೆನೀರು, ಕುಲಾವಿ, ಕುಂಚಿಗೆ, ಅದರ ಮೇಲೆ ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಐದನೆಯ ದಿನ ಸಟವಿಯ ಪೂಜೆ. ಆ ರಾತ್ರಿ ಅವಳು ಬಂದು ಹಣೆಬರೆಹ ಬರೆದು ಹೋಗುವಳೆಂಬ ನಂಬಿಕೆ. ದಿನ ತುಂಬದ ಕೂಸನ್ನು ಅರಳೆಯಲ್ಲಿ ಸುತ್ತಿ ಸಾಕಿದ ಮಾತನ್ನು ಈ ಸೀಮೆಯ ಹಿರಿಯರ ಬಾಯಲ್ಲಿ ಕೇಳುತ್ತೇವೆ. ಹತ್ತಿ ಬೆಳೆಯುವ ನಾಡು. ರಾಣೆಬೆನ್ನೂರು ಹಾವೇರಿಗಳ ಪೇಟೆಗಳಲ್ಲಿ ಅರಳೆಗೆ ಬರವಿರಲಿಲ್ಲ. ಪ್ಯಾರಿಸಿನ ದೊಡ್ಡ ಹೆರಿಗೆಯ ಆಸ್ಪತ್ರೆಯಲ್ಲಿಯೂ 1880ಕ್ಕೆ ಮುಂಚೆ ಇಂಥ ಕೂಸುಗಳಿಗೆ ಮಾಡುತ್ತಿದ್ದುದು ಹೆಚ್ಚುಕಡಮೆ ಇದನ್ನೇ: ಅರಳೆ, ಬಿಸಿನೀರಿನ ಸೀಸೆ.

ಈ ಕೋಣೆಯನ್ನು ಬಯ್ಯುವುದು ಇಂಗ್ಲಿಷು ಕಲಿತ ನಮ್ಮಂಥವರಿಗೆ ಬಹುಕಾಲ ಒಂದು ಅಭ್ಯಾಸವಾಗಿತ್ತು. ಈಚೆಗೆ ಅದನ್ನು ಹೊಗಳುವುದು ಮತ್ತೊಂದು ಅಭ್ಯಾಸವಾಗಿದೆ. ಎರಡೂ ಸಾಲದು. ಕೋಣೆಯಲ್ಲಿ ಎರಡು ಒಳ್ಳೆಯ ಗುಣಗಳಿದ್ದುವು. ತಾಯಿಗೆ ಕೆಲಸದಿಂದ ಬಿಡುಗಡೆ ಒಂದು. ತಾಯಿ ಕೂಸುಗಳನ್ನು ಹಗಲಿರುಳು ಒಂದೇ ಹಾಸಿಗೆಯಲ್ಲಿರಿಸಿದುದು ಇನ್ನೊಂದು. ಇದರ ಬೆಲೆ ಎಷ್ಟೆಂಬುದು ಮುಂದೆ ತಿಳಿಯುವುದು. ಕೆಟ್ಟವುಗಳೂ ಇದ್ದುವು. ಹೊಗೆಯು ದಿನ ತುಂಬದ ಶ್ವಾಸಕೋಶಕ್ಕೆ ವೈರಿ. ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯಿಂದ ಉಪಕಾರವೇನೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ದಿನಗಳ ಹಳದಿಯ ಗಟ್ಟಿಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನನ್ನೋ ಔಡಲೆಣ್ಣೆಯನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವುದು. ಎಮ್ಮೆ ಈದಾಗ ಗಿಣ್ಣದ ಹಾಲಿಗೆ ಬೆಲ್ಲ ಹಾಕಿ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುವ ನಾಡಿನಲ್ಲಿ ತಾಯಿಯ ಗಿಣ್ಣು ಮಾತ್ರ ಮಣ್ಣುಪಾಲು! ಇದಕ್ಕೂ ಗ್ರಂಥದ ಆಧಾರವಿತ್ತು. ಹಾಲಿನ ನಾಳಗಳು ತೆರೆಯುವುದು ಮೂರು ನಾಲ್ಕು ರಾತ್ರಿಗಳ ಮೇಲೆ, ಅಲ್ಲಿಯವರೆಗೆ ಜೇನುತುಪ್ಪಗಳನ್ನು ಕೊಡತಕ್ಕದ್ದು ಎಂದು ಸುಶ್ರುತನ ವಿಧಿ. ಆ ಗಟ್ಟಿಹಾಲೇ ಕೂಸಿನ ಮೊದಲ ರಕ್ಷೆ, ದಿನ ತುಂಬದ ಕೂಸಿಗಂತೂ ಪ್ರತಿಯೊಂದು ತೊಟ್ಟೂ ಔಷಧವೆಂಬುದು ಇಂದು ನಿಸ್ಸಂದೇಹವಾಗಿ ತಿಳಿದಿದೆ.

ಆದರೆ ಅದೇ ಸುಶ್ರುತನಲ್ಲಿ ನಮ್ಮ ವಿಷಯದ ಬೀಗದ ಕೈಯೂ ಇದೆ. ಕೂಸನ್ನು ನೋಡುವುದರಿಂದ, ಮುಟ್ಟುವುದರಿಂದ, ನೆನೆಯುವುದರಿಂದ, ಎತ್ತಿಕೊಳ್ಳುವುದರಿಂದ ಹಾಲು ಸುರಿಯುತ್ತದೆ, ಎಡೆಬಿಡದ ಸ್ನೇಹವೇ ಅದಕ್ಕೆ ಕಾರಣ ಎಂದು ಅವನು ಒಂದೆಡೆ ಹೇಳುತ್ತಾನೆ. ಇನ್ನೊಂದೆಡೆ, ಸಿಟ್ಟು, ದುಃಖ, ವಾತ್ಸಲ್ಯವಿಲ್ಲದಿರುವಿಕೆ ಮೊದಲಾದುವುಗಳಿಂದ ಹಾಲು ಬತ್ತುತ್ತದೆ ಎನ್ನುತ್ತಾನೆ. ಹಾಗಾದಾಗ ಮಾಡತಕ್ಕುದೇನು? ಜವೆ, ಗೋದಿ, ಅಕ್ಕಿ, ಬೆಳ್ಳುಳ್ಳಿಗಳ ಪಟ್ಟಿ ಆಮೇಲೆ ಬರುತ್ತದೆ. ಅದಕ್ಕೆ ಮುಂಚೆ ಅವನು ಹೇಳುವ ಮೊದಲ ಚಿಕಿತ್ಸೆ ತಾಯಿಯಲ್ಲಿ ಸೌಮನಸ್ಯವನ್ನು ಉಂಟುಮಾಡುವುದು. ನಮ್ಮ ಮನೆಗಳು ಬೆಳ್ಳುಳ್ಳಿಯನ್ನು ಉಳಿಸಿಕೊಂಡುವು, ಸೌಮನಸ್ಯವನ್ನು ಮರೆತುವು. ವಾತ್ಸಲ್ಯದ ಮಾತನ್ನಂತೂ ತಿರುಗಿಸಿ ಹಿಡಿದುವು: ದುಃಖದಿಂದ ಹಾಲು ಬತ್ತುವುದಾದರೆ ದುಃಖಪಟ್ಟವಳದೇ ತಪ್ಪು, ಹಾಲು ಬಾರದವಳಿಗೆ ಕೂಸಿನ ಮೇಲೆ ಪ್ರೀತಿಯೇ ಇಲ್ಲ! ವೈದ್ಯನು ಕಾರಣವಾಗಿ ಹೇಳಿದ್ದನ್ನು ಮನೆಯವರು ಆರೋಪವಾಗಿ ಮಾಡಿದರು. ಕನ್ನಡದಲ್ಲಿ ಸುಮಾರು 1200ರಲ್ಲಿ ದೇವೇಂದ್ರಮುನಿ ಬರೆದ 'ಬಾಲಗ್ರಹಚಿಕಿತ್ಸೆ'ಯ ಹೆಸರೇ ಹೇಳುವಂತೆ, ಕೂಸಿನ ಕಾಯಿಲೆಯನ್ನು ಗ್ರಹಗಳ ಕಾಟವೆಂದು ತಿಳಿಯುವ ಪರಂಪರೆಯೂ ಇದ್ದಿತು. ಗ್ರಹದ ಮೇಲೆ ಹೊರೆಸಿದ ದೋಷ ತಾಯಿಯ ತಲೆಯಿಂದ ಇಳಿಯುತ್ತಿದ್ದಿತಾದ್ದರಿಂದ, ಆ ಪರಂಪರೆಯಲ್ಲಿ ಒಂದು ಕರುಣೆಯೂ ಇದ್ದಿತೆಂದು ನಮಗೆ ತೋರುತ್ತದೆ.

ಸುಶ್ರುತನ ಮಾತಿಗೆ ಪ್ರಯೋಗದ ಸಾಕ್ಷ್ಯ ಸಿಕ್ಕಿದ್ದು 1948ರಲ್ಲಿ. ಅಮೆರಿಕದ ನ್ಯೂಟನ್ ದಂಪತಿಗಳು ಒಂದು ಪರೀಕ್ಷೆ ನಡೆಸಿದರು. ಹಾಲೂಡುವ ತಾಯಿಯ ಪಾದಗಳನ್ನು ಹಿಮದ ನೀರಿನಲ್ಲಿಡಿಸುವುದು, ಕಾಲ್ಬೆರಳನ್ನು ಎಳೆಯುವುದು, ಕಷ್ಟದ ಲೆಕ್ಕಗಳನ್ನು ಕೇಳುವುದು. ಹೀಗೆ ಪೀಡಿಸಿದ ದಿನಗಳಲ್ಲಿ ಕೂಸಿಗೆ ಸಿಕ್ಕಿದ ಹಾಲು ಕಡಮೆಯಾಯಿತು. ಪೀಡೆಯ ನಡುವೆಯೇ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿದಾಗ ಹಾಲು ಮತ್ತೆ ಇಳಿಯಿತು. ಅಂದರೆ ಹಾಲು ಎದೆಯಲ್ಲಿ ಇತ್ತು; ಬಿಡುವ ಬಾಗಿಲು ಮುಚ್ಚಿತ್ತು. ಆ ಬಾಗಿಲನ್ನು ತೆರೆಯುವ ರಸಕ್ಕೆ ಆಕ್ಸಿಟೋಸಿನ್ ಎಂದು ಹೆಸರು. ಅದು ಕೂಸಿನ ಸ್ಪರ್ಶದಿಂದ ಹೊರಡುತ್ತದೆ, ಅಂಜಿಕೆ ನೋವುಗಳಿಂದ ತಡೆಯುತ್ತದೆ. ಕಾಲನ್ನು ಹಿಮದ ನೀರಿನಲ್ಲಿಟ್ಟರೆ ಹೀಗಾಗುವುದಾದರೆ, ಕೋಣೆಯ ಹೊರಗೆ 'ಆಕಿಗೆ ಹಾಲಿಲ್ಲ' ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳಿದರೆ ಏನಾಗಬೇಕು?

ದಿನ ತುಂಬದ ಕೂಸಿನ ತಾಯಿಗೆ ಮತ್ತೊಂದು ಅನ್ಯಾಯವೂ ಆಗುತ್ತಿತ್ತು. ಮೊಲೆ ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನು ಹೊಂದಿಸುವ ಶಕ್ತಿ ಗರ್ಭದಲ್ಲಿ ಸುಮಾರು 34 ವಾರಗಳಾದ ಮೇಲೆ ಬಲಿಯುತ್ತದೆ. ಅದಕ್ಕೆ ಮುಂಚೆ ಹುಟ್ಟಿದ ಕೂಸಿಗೆ ಚೀಪಲು ಬಾರದು. ಚೀಪದಿದ್ದರೆ ಎದೆಯಲ್ಲಿ ಹಾಲು ಹೆಚ್ಚದು. ಬಾರದಿದ್ದುದು ಕೂಸಿಗೆ, ಅಪವಾದ ತಾಯಿಗೆ. ಇಲ್ಲಿ ಮಾಡತಕ್ಕುದು ಒಂದೇ: ಹೆತ್ತ ಕೆಲವೇ ಗಂಟೆಗಳೊಳಗೆ ತೊಡಗಿ ಹಗಲೂ ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಕೈಯಿಂದ ಹಾಲು ಹಿಂಡಿ, ಸಣ್ಣ ಕೂಸಿಗೆ ನಳಿಕೆಯಿಂದ, ನುಂಗಬಲ್ಲ ಕೂಸಿಗೆ ಒಳಲೆಯಿಂದ ಹಾಕುವುದು. ಒಳಲೆ! ಕನ್ನಡ ನಾಡಿನ ಯಾವ ಅಟ್ಟವನ್ನು ಹುಡುಕಿದರೂ ಬೆಳ್ಳಿಯದೋ ಹಿತ್ತಾಳೆಯದೋ ಒಂದು ಒಳಲೆ ಸಿಕ್ಕೀತು. ತಮಿಳರು ಪಾಲಾಡೈ ಎನ್ನುವ ಆ ಸಣ್ಣ ಕೊಕ್ಕಿನ ಪಾತ್ರೆಯನ್ನು ಇಂದು ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ದಿನ ತುಂಬದ ಶಿಶುಗಳಿಗೆ ಹಾಲು ಹಾಕುವುದಕ್ಕೆ ಉಪಯೋಗಿಸುತ್ತಾರೆ. ಸೀಸೆಗಿಂತ ತೊಳೆಯಲು ಸುಲಭ, ಮೊಲೆಯನ್ನು ಮರೆಸುವುದಿಲ್ಲ. ತಾಯಿಯ ಎದೆಯಂತೂ ಈ ಕೂಸಿಗಾಗಿಯೇ ಸಿದ್ಧವಾಗಿರುತ್ತದೆ: ದಿನ ತುಂಬದೆ ಹೆತ್ತವಳ ಮೊದಲ ವಾರಗಳ ಹಾಲಿನಲ್ಲಿ ಮೈಕಟ್ಟುವ ಸಾರಜನಕಾಂಶವು ದಿನ ತುಂಬಿ ಹೆತ್ತವಳ ಹಾಲಿನಲ್ಲಿರುವುದಕ್ಕಿಂತ ಹೆಚ್ಚೆಂಬುದನ್ನು ಕೆನಡಾದ ಸಂಶೋಧಕರು 1978ರಲ್ಲಿ ತೋರಿಸಿದರು.

ಇನ್ನು ಸ್ವಲ್ಪ ಪ್ಯಾರಿಸಿಗೆ ಹೋಗಿಬರಬೇಕು. ತಾಯಿಯನ್ನೂ ಕೂಸನ್ನೂ ಬೇರೆಮಾಡಿದ ಕಥೆ ಅಲ್ಲಿ ಮೊದಲಾಗುತ್ತದೆ. ಸ್ತೆಫಾನ್ ತಾರ್ನಿಯೇ ಎಂಬ ವೈದ್ಯನು ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಂಥದನ್ನೇ ಶಿಶುಗಳಿಗೆ ಮಾಡಿಸಿ, 1880ರಲ್ಲಿ ಆಸ್ಪತ್ರೆಯಲ್ಲಿ ಇರಿಸಿದನು. ಎರಡು ಕಿಲೋಗಿಂತ ಕಡಮೆ ತೂಕದ ಕೂಸುಗಳಲ್ಲಿ ನೂರಕ್ಕೆ 66 ಇದ್ದ ಸಾವು 38ಕ್ಕೆ ಇಳಿಯಿತು. ಇದು ಸಾಮಾನ್ಯವಾದ ಜಯವಲ್ಲ. ಆದರೆ ಕೂಸು ಪೆಟ್ಟಿಗೆಯೊಳಗೆ ಹೋದಾಗ ತಾಯಿ ಹೊರಗೆ ಉಳಿದಳು. ತಾರ್ನಿಯೇಯ ಶಿಷ್ಯ ಪಿಯೇರ್ ಬುದ್ಯಾಂ ಇದನ್ನು ಬೇಗ ಕಂಡುಕೊಂಡನು. ಕೂಸನ್ನು ಮುಟ್ಟಲಾರದ, ಹಾಲೂಡಲಾರದ ತಾಯಿಯರಲ್ಲಿ ಕೆಲದಿನಗಳಲ್ಲಿಯೇ ಅದರ ಮೇಲಿನ ಆಸೆ ತೆಳುವಾಗುತ್ತದೆಂದು 1900ರ ತನ್ನ ಪುಸ್ತಕದಲ್ಲಿ ಎಚ್ಚರಿಸಿದನು. ತಾಯಿಯರು ಬಂದು ಹಾಲೂಡಬೇಕೆಂದು ಹಟ ಹಿಡಿದನು. ಲೋಕವು ಅವನ ಪೆಟ್ಟಿಗೆಯನ್ನು ಸ್ವೀಕರಿಸಿತು, ಎಚ್ಚರಿಕೆಯನ್ನು ಬಿಟ್ಟಿತು. ಮಾರ್ಟಿನ್ ಕೌನಿ ಎಂಬಾತನು 1896ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಪೆಟ್ಟಿಗೆಯೊಳಗಿನ ಜೀವಂತ ಶಿಶುಗಳನ್ನು ಪ್ರದರ್ಶಿಸಿದನು. ಆಮೇಲೆ ಅಮೆರಿಕದ ಕೋನಿ ಐಲೆಂಡಿನಲ್ಲಿ 1903ರಿಂದ 1943ರವರೆಗೆ ಟಿಕೆಟಿಟ್ಟು ತೋರಿಸಿದನು. ಹೆತ್ತವರಿಂದ ಕಾಸು ಕೇಳದೆ ಆತನು ಸಾವಿರಾರು ಜೀವಗಳನ್ನು ಉಳಿಸಿದುದೂ ನಿಜ. ಹಾಲೂಡುತ್ತಿದ್ದವರು ಸಂಬಳದ ದಾದಿಯರು. ತಾಯಿಯು ಆ ಪ್ರದರ್ಶನದಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮ ಮೂರು ಊರುಗಳಿಗೆ ಆ ಪೆಟ್ಟಿಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. 1885ರ ಡಫರಿನ್ ನಿಧಿ, ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವುದಕ್ಕೆಂದು 1903ರಲ್ಲಿ ಹುಟ್ಟಿದ ವಿಕ್ಟೋರಿಯಾ ಸ್ಮಾರಕ ನಿಧಿ, 1924ರಲ್ಲಿ ತೊಡಗಿದ ಶಿಶುಸಪ್ತಾಹಗಳು, ಇವುಗಳ ಹೆಸರು ಜಿಲ್ಲೆಯ ಪಟ್ಟಣಗಳನ್ನು ಮುಟ್ಟಿತು. ಹಳ್ಳಿಯ ಸೂಲಗಿತ್ತಿ ಮೊದಲಿನಂತೆಯೇ ತನ್ನ ಕುಡುಗೋಲಿನೊಡನೆ ಉಳಿದಳು. ಇವೆಲ್ಲವೂ ಬಾಣಂತಿಯ ನಂಜು, ಕೂಸಿನ ಧನುರ್ವಾಯು ಇವುಗಳ ಮೇಲೆ ಹೂಡಿದ ಸಮರ. ಬಾಣಂತಿಯ ಮನಸ್ಸು ಯಾವ ವರದಿಯ ಯಾವ ಕಲಮಿನಲ್ಲಿಯೂ ಸೇರಲಿಲ್ಲ. ಅದನ್ನು ಕೇಳಬೇಕಾದರೆ ಬೇರೆಡೆಗೆ ಹೋಗಬೇಕು. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿ ಕುಳಿತು ಕೇಳಿ, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚುಹಾಕಿಸಿದ ತ್ರಿಪದಿಗಳಲ್ಲಿ ತವರಿನ ಹಂಬಲ, ಕೂಸಿನ ಸಂಭ್ರಮ, ಬಂಜೆಯೆಂಬ ಮಾತಿನ ಇರಿತ ಎಲ್ಲವೂ ಇವೆ. ಧಾರವಾಡದ ಬೇಂದ್ರೆಯವರು ತಮ್ಮ ಕೂಸಿನ ಸಾವಿನ ಸಂದರ್ಭದಲ್ಲಿ ಬರೆದ 'ನೀ ಹೀಂಗ ನೋಡಬ್ಯಾಡ ನನ್ನ' ಎಂಬ ಕವಿತೆಯನ್ನು ಬಲ್ಲ ಕೇಳುಗರಿಗೆ, ಮಗುವನ್ನು ಕಳೆದುಕೊಂಡವಳ ನೋಟದ ಮುಂದೆ ಗಂಡಸು ಎಷ್ಟು ನಿರುಪಾಯನೆಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಬಾಣಂತಿಯ ಮನಸ್ಸಿನ ವ್ಯಥೆಗೆ ನಮ್ಮ ಜನರಲ್ಲಿದ್ದ ಹೆಸರು ಒಂದೇ, ಬಾಣಂತಿ ಸನ್ನಿ. ನಂಜು ಏರಿ ಜ್ವರದಲ್ಲಿ ಬಡಬಡಿಸುವುದಕ್ಕೂ ಅದೇ ಹೆಸರು, ಜ್ವರವಿಲ್ಲದೆ ಬುದ್ಧಿ ಕದಡುವುದಕ್ಕೂ ಅದೇ. ಈಗಿನ ವೈದ್ಯರು ಮೂರನ್ನು ಬೇರ್ಪಡಿಸುತ್ತಾರೆ. ಹೆತ್ತ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಒಂದು. ಅದು ಬಹುಮಂದಿಗೆ ಬರುತ್ತದೆ, ತಾನಾಗಿ ಹೋಗುತ್ತದೆ. ವಾರಗಟ್ಟಲೆ ನಿದ್ರೆ, ರುಚಿ, ಆಸೆಗಳು ಕೆಟ್ಟು, 'ನಾನು ತಾಯಿಯಾಗಲು ತಕ್ಕವಳಲ್ಲ' ಎಂದು ಕೊರಗುವ ಖಿನ್ನತೆ ಎರಡನೆಯದು. ಬುದ್ಧಿ ಕದಡುವ ಉನ್ಮಾದ ಮೂರನೆಯದು. ಅದು ವಿರಳ, ಆದರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕಾದುದು. ಫ್ರಾನ್ಸಿನ ಮಾರ್ಸೇ ಎಂಬ ವೈದ್ಯನು ಈ ವಿಷಯದ ಮೇಲೆ 1858ರಲ್ಲಿಯೇ ದೊಡ್ಡ ಗ್ರಂಥ ಬರೆದಿದ್ದನು. ನಡುವಣ ಖಿನ್ನತೆ ಮಾತ್ರ ಬಹುಕಾಲ ಯಾರ ಲೆಕ್ಕಕ್ಕೂ ಬರಲಿಲ್ಲ, ಏಕೆಂದರೆ ಅಂಥವಳು ಗಲಾಟೆ ಮಾಡುವುದಿಲ್ಲ. 1987ರಲ್ಲಿ ಎಡಿನ್‌ಬರೋದಲ್ಲಿ ಹತ್ತು ಪ್ರಶ್ನೆಗಳ ಒಂದು ಸಣ್ಣ ಪಟ್ಟಿ ಸಿದ್ಧವಾಯಿತು. ಅದು ಕನ್ನಡಕ್ಕೂ ಬಂದಿದೆ. ನಮ್ಮ ನೆರೆಯ ಗೋವೆಯಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಹೆತ್ತು ಆರು ವಾರಗಳಾದ ತಾಯಿಯರಲ್ಲಿ ನೂರಕ್ಕೆ 23 ಮಂದಿ ಖಿನ್ನತೆಯಲ್ಲಿದ್ದುದನ್ನು ಕಂಡಿತು. ಬಡತನ, ಗಂಡನ ಕ್ರೌರ್ಯ, ಹುಟ್ಟಿದ್ದು ಹೆಣ್ಣೆಂಬುದು, ಇವು ಅದನ್ನು ಹೆಚ್ಚಿಸುತ್ತಿದ್ದುವು. ದಿನ ತುಂಬದೆ ಹೆತ್ತವರಲ್ಲಿ ಖಿನ್ನತೆ ಇನ್ನೂ ಹೆಚ್ಚೆಂಬುದು ಹಲವು ದೇಶಗಳ ಅನುಭವ. ಆಶ್ಚರ್ಯವೇನು? ಕೂಸು ಒಂದು ಕಟ್ಟಡದಲ್ಲಿ, ತಾನು ಇನ್ನೊಂದರಲ್ಲಿ, ಮಡಿಲು ಬರಿದು, ತೊಟ್ಟಿಲ ಶಾಸ್ತ್ರಕ್ಕೆ ಮುಹೂರ್ತವಿಲ್ಲ, ಬಂದವರಿಗೆ ಏನು ಹೇಳಬೇಕೋ ತಿಳಿಯದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ, ಮನೋರೋಗಕ್ಕೆ ಗುರಿಯಾದ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವನ್ನು ತೆರೆದರು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯು, ಚಿಕಿತ್ಸೆಗೆ ಬಂದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು ವಿಧಿಸಿತು. ಬುದ್ಯಾಂ ಹೇಳಿದ ಮಾತು ಕಾಯಿದೆಯ ಪುಸ್ತಕಕ್ಕೆ ಬರಲು ನೂರಹದಿನೇಳು ವರ್ಷ ಬೇಕಾಯಿತು!

ಶಿಶುವೈದ್ಯದ ಕಡೆಯಿಂದಲೂ ಇದೇ ತಿರುವು ಬಂದಿತು, ಅದೂ ಸಿರಿವಂತರ ದೇಶದಿಂದಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ, ರಾಜಧಾನಿ ಬೊಗೊಟಾ, ವರ್ಷ 1978. ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲವು. ಒಂದೊಂದರಲ್ಲಿ ಎರಡು ಮೂರು ಕೂಸು. ಒಂದರ ಸೋಂಕು ಇನ್ನೊಂದಕ್ಕೆ. ಎಡ್ಗರ್ ರೇ ಎಂಬ ವೈದ್ಯನು, ಕಾಂಗರೂ ಎಂಬ ಪ್ರಾಣಿಯು ಎಳೆಯ ಮರಿಯನ್ನು ಚೀಲದಲ್ಲಿ ಬೆಳೆಸುವಂತೆ, ಕೂಸನ್ನು ತಾಯಿಯ ಎದೆಗೇ ಕಟ್ಟಿದನು. ಮುಂದಿನ ವರ್ಷ ಎಕ್ಟೋರ್ ಮಾರ್ತಿನೇಸ್ ಅವನೊಡನೆ ಸೇರಿದನು. ಕ್ರಮ ಸರಳ. ಕೂಸಿನ ತಲೆಗೊಂದು ಕುಲಾವಿ, ಸೊಂಟಕ್ಕೊಂದು ಬಟ್ಟೆ, ಮಿಕ್ಕ ಮೈ ಬರಿದು. ತಾಯಿಯ ಬರಿಯೆದೆಯ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಿಸಿ, ಮುಖ ಒಂದು ಕಡೆಗೆ ತಿರುಗಿಸಿ ಇರಿಸಿ, ಮೇಲೊಂದು ಬಟ್ಟೆಯಿಂದ ಬಿಗಿದು ಕಟ್ಟುವುದು. ತಾಯಿಯ ಮೈಬಿಸಿಯೇ ಅದಕ್ಕೆ ಕಾವು. ತಾಯಿಯ ಉಸಿರಿನ ಏರಿಳಿತ ಅದಕ್ಕೆ ಉಸಿರಾಡಲು ನೆನಪು. ಮೂಗಿನ ಹತ್ತಿರವೇ ಹಾಲು. ತಾಯಿ ದಣಿದಾಗ ತಂದೆ ಕಟ್ಟಿಕೊಳ್ಳಬಹುದು, ಅಜ್ಜಿ ಕಟ್ಟಿಕೊಳ್ಳಬಹುದು. ನೋಡುವುದು, ಮುಟ್ಟುವುದು, ಎತ್ತಿಕೊಳ್ಳುವುದು, ಸುಶ್ರುತನು ಹೇಳಿದ ಎಲ್ಲವೂ ಇದರಲ್ಲಿ ಒಟ್ಟಿಗೆ ಬಂದುವು. ಹೀಗೆ ಕಟ್ಟಿಕೊಂಡ ತಾಯಿಯರಲ್ಲಿ ಹಾಲು ಹೆಚ್ಚುವುದು, ಖಿನ್ನತೆ ಕಡಮೆಯಾಗುವುದು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಇದು ಬಡವರಿಗೆ ಮಾತ್ರ, ಪೆಟ್ಟಿಗೆಯಿಲ್ಲದವರಿಗೆ ಮಾತ್ರ ಎಂದು ಬಹುಕಾಲ ತಿಳಿದಿದ್ದರು. 2021ರಲ್ಲಿ ಆ ಭ್ರಮೆ ಹರಿಯಿತು. ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ 3211 ಶಿಶುಗಳನ್ನು ಗಮನಿಸಿದರು. ಹುಟ್ಟಿದೊಡನೆ ತಾಯಿಯೆದೆಗೆ ಕಟ್ಟಿದವುಗಳಲ್ಲಿ ನೂರಕ್ಕೆ 12, ಸ್ಥಿತಿ ಸುಧಾರಿಸುವವರೆಗೆ ದೂರ ಇಟ್ಟವುಗಳಲ್ಲಿ ನೂರಕ್ಕೆ ಸುಮಾರು 16 ತೀರಿಕೊಂಡುವು. ಅಂತರವು ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು, ಇಂಥ ಶಿಶುಗಳಿಗೆ ಹುಟ್ಟಿದ ಕೂಡಲೆ ತಾಯಿಯೆದೆಯೇ ಮೊದಲ ಚಿಕಿತ್ಸೆಯೆಂದು ಸೂಚಿಸಿತು. ಕನ್ನಡನಾಡಿನ ಪಾಲೂ ಈ ಕಥೆಯಲ್ಲಿದೆ. ಹಾವೇರಿಗೆ ದೂರವಲ್ಲದ ಕೊಪ್ಪಳ ಜಿಲ್ಲೆಯಲ್ಲಿ, ಈ ಕ್ರಮವನ್ನು ಒಂದು ಜಿಲ್ಲೆಯ ಎಲ್ಲ ಸರಕಾರಿ ಆಸ್ಪತ್ರೆ, ಮನೆಗಳಿಗೆ ಹೇಗೆ ಮುಟ್ಟಿಸಬಹುದೆಂಬುದನ್ನು 2010ರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ನಡೆಸಿ ನೋಡಿದರು. ಲೋಕದಲ್ಲಿ 2020ರಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳು 1 ಕೋಟಿ 34 ಲಕ್ಷವೆಂದು ಅಂದಾಜು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು. ಇಷ್ಟು ಕೂಸುಗಳಿಗೆ ಪೆಟ್ಟಿಗೆಗಳನ್ನು ಎಲ್ಲಿಂದ ತರುವುದು? ತಾಯಿಯರಾದರೋ ಇದ್ದೇ ಇದ್ದಾರೆ.

ಹಾಗಾದರೆ ಉಳಿದಿರುವ ತೊಡಕೇನು? ಮೂರು ಊರುಗಳಿಗೆ ಹಿಂತಿರುಗೋಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ತೊಟ್ಟು ಬಿಡಿಸುವವರು ಹೆಂಗಸರು. ಆ ಕೆಂಪು ರಾಶಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂದುದು ಪತ್ರಿಕೆಗಳಲ್ಲಿ ಬಂದಿತು, ಘಾಟಿನಲ್ಲಿ ಕುಳಿತವರ ಕೂಲಿಯ ಸುದ್ದಿ ಬರಲಿಲ್ಲ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸುವ ನಾಜೂಕಿನ ಕೆಲಸವೂ ಹೆಂಗಸರದೇ. ದಿನಗೂಲಿಯವಳಿಗೆ ಹಾಲು ಹಿಂಡಲು ಎರಡು ಗಂಟೆಗೊಮ್ಮೆ ಬಿಡುವು ಕೊಡುವವರಾರು? ಕೂಸಿನ ಸ್ಥಿತಿ ಬಿಗಡಾಯಿಸಿದರೆ ಉತ್ತರಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ದಾವಣಗೆರೆ. ಕೂಸಿನೊಡನೆ ತಂದೆಯೋ ಮಾವನೋ ಹೋಗುತ್ತಾರೆ, ಹೊಲಿಗೆ ಹಾಕಿಸಿಕೊಂಡ ತಾಯಿ ಹಿಂದೆ ಉಳಿಯುತ್ತಾಳೆ. ಬಾಣಂತಿ ಹೊರಗೆ ತಿರುಗಬಾರದೆಂಬ ಹಿರಿಯರ ಕಟ್ಟೊಂದು, ಒಳಗೆ ಬರಬಾರದೆಂಬ ಆಸ್ಪತ್ರೆಯ ಕಟ್ಟೊಂದು, ಎರಡರ ನಡುವೆ ಎದೆಯಲ್ಲಿ ಹಾಲು ಕಟ್ಟಿ, ಆಮೇಲೆ ಬತ್ತುತ್ತದೆ. ಶಿಶುಘಟಕದೊಳಗೆ ತಾಯಿತಂದೆಗಳನ್ನು ಸೇರಿಸಿಕೊಂಡು ಆರೈಕೆ ಮಾಡಬೇಕೆಂದು ಭಾರತ ಸರಕಾರವು 2017ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿಗೂ ಬಾಗಿಲು ಕಾಯುವವನಿಗೂ ನಡುವೆ ಎಷ್ಟು ದೂರವಿದೆಯೆಂಬುದು ಆಸ್ಪತ್ರೆಗೆ ಹೋದವರಿಗೆಲ್ಲ ಗೊತ್ತು. ಕೆಲವು ಕೂಸುಗಳಿಗೆ ನಿಜವಾಗಿಯೂ ತಾಯಿಯ ಹಾಲು ಸಾಲದೆ ಹೋಗಬಹುದು. ಅದಕ್ಕೆಂದು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಅವರು ದೇಶದ ಮೊದಲ ಎದೆಹಾಲಿನ ಭಂಡಾರವನ್ನು ಸ್ಥಾಪಿಸಿದರು. ಇನ್ನೊಬ್ಬ ತಾಯಿಯ ಹಾಲು ಕುಡಿದು ಬೆಳೆದ ಕೂಸುಗಳು ನಮ್ಮ ಹಳ್ಳಿಗಳಲ್ಲಿ ಹಿಂದೆಯೂ ಇದ್ದುವಾದ್ದರಿಂದ ಇದು ನಮಗೆ ಅಪರಿಚಿತವಾಗಬೇಕಾಗಿಲ್ಲ.

ಹಳೆಯ ಬಾಣಂತನದಿಂದ ಇಟ್ಟುಕೊಳ್ಳಬೇಕಾದುದನ್ನು ಇಟ್ಟುಕೊಳ್ಳಲು ಈ ಸೀಮೆಯ ಮನೆಗಳಿಗೆ ಕಷ್ಟವಿಲ್ಲ. ಹೊರಸಿನ ಕೆಳಗಿನ ಕೆಂಡವನ್ನು ತೆಗೆದು, ಕೂಸನ್ನು ಕೌದಿಯ ಮೇಲಿನಿಂದ ತಾಯಿಯ ಎದೆಯ ಮೇಲಕ್ಕೆ ಸರಿಸಿದರೆ ಕೋಣೆ ಅದೇ ಕೋಣೆ. ಕಟ್ಟುವುದಕ್ಕೆ ಬಟ್ಟೆ ಕೊಳ್ಳಬೇಕಾಗಿಲ್ಲ; ಕೌದಿಗೆ ತೆಗೆದಿರಿಸಿದ ಮೆತ್ತನೆಯ ಹಳೆಯ ಸೀರೆಯನ್ನು ತೊಳೆದು ಬಿಸಿಲಿಗೆ ಒಣಗಿಸಿದರೆ ಆಯಿತು. ಒಳಲೆಯನ್ನು ಪ್ರತಿಸಲವೂ ಕುದಿಸಬೇಕು. ಹಾಲು ಮೊದಲ ದಿನಗಳಲ್ಲಿ ತೊಟ್ಟು ತೊಟ್ಟಾಗಿಯೇ ಬರುವುದು, ಒಳಲೆಯ ತಳವೂ ಮುಚ್ಚದು. ಅದನ್ನು ಅಳೆಯಲು ಹೋಗದೆ ಹಿಂಡುತ್ತ ಹೋಗಬೇಕು. ಹಿಂಡುವಾಗ ಬೆನ್ನು ತಿಕ್ಕುವುದಕ್ಕೆ ತಾಯಿಯೋ ಅಕ್ಕನೋ ಬಳಿಯಲ್ಲಿದ್ದರೆ ಹಾಲು ಬೇಗ ಇಳಿಯುತ್ತದೆ. ಕೂಸು ಆಸ್ಪತ್ರೆಯಲ್ಲಿದ್ದು ತಾಯಿ ಮನೆಯಲ್ಲಿದ್ದರೆ, ದಿನವೂ ಆಕೆಯನ್ನು ಅಲ್ಲಿಗೆ ಕರೆದೊಯ್ಯುವುದು ಗಂಡನ ಕೆಲಸ. ಹೋಗಲಾರದ ದಿನ ಕೂಸಿನ ಕುಲಾವಿಯನ್ನು ತಂದು ಆಕೆಯ ಕೈಗೆ ಕೊಟ್ಟರೂ ಆದೀತು. ಹೊರಗಿನ ಪಡಸಾಲೆಯಲ್ಲಿ ಬಂದವರು 'ಹಾಲು ಐತೇನು?' ಎಂದು ಕೇಳಿದರೆ, ಬರ್ತೈತಿ ಅಂತ ಹೇಳಿ ಅವರಿಗೆ ಚಹಾ ಕೊಟ್ಟು ಕಳುಹಿಸಬಹುದು.